ಷರಾ ಕಾಲಮ್ಮಲ್ಲಿ ಬರೆದಿದ್ದು

ಒಂದೆರಡು ವರ್ಷದ ಹಿಂದಿನ ಮಾತು. ನಾನು ಸರ್ಕಾರಿ ಯೋಜನೆಗಳು ಹೇಗೆ ನಡೀತಿವೆ ಅಂತ ಅಧ್ಯಯನ ಮಾಡೋ ಒಂದು ಸಣ್ಣ ಸಂಸ್ಥೇಲಿ ಕೆಲ್ಸ ಮಾಡ್ತೀನಿ. ಆಗ ಹಳ್ಳಿ ಮನೆಗಳ ಶೌಚಾಲಯದ ಬಗ್ಗೆ ಸರ್ವೆ ನಡೀತಿತ್ತು, ಮನೆಮನೆಗೆ ಹೋಗಿ ಟ್ಯಾಬಲ್ಲಿ ಫಾರ್ಮ್ ತುಂಬೋರಿಗೆ ಇನ್ವೆಸ್ಟಿಗೇಟರ್ ಅಂತೀವಿ. ಡಿಸೆಂಬರ್ ತಿಂಗಳು, ಬೆಳಗ್ಗೆ ಆಫೀಸಿಗೆ ಬಂದು ಡ್ಯಾಶ್‌ಬೋರ್ಡ್ ತೆಗೆದು ನೋಡಿದ್ರೆ ಒಬ್ಬಳೇ ಇನ್ವೆಸ್ಟಿಗೇಟರ್‌ದು ಆರು ಫಾರ್ಮ್ ಕೆಂಪು ಬಣ್ಣದಲ್ಲಿ ಬಂದಿತ್ತು. ಮೂರು ದಿನದಿಂದ ದಿನಾ ಮೊದಲ ಎರಡು ಫಾರ್ಮ್ ಶುರುವಾಗಿರೋ ಟೈಮು 5.40, 6.20, ಹೀಗೇ. ಆ ಹೊತ್ತಲ್ಲಿ ಸರ್ವೆಯವರಿಗೆ ಯಾರು ಬಾಗಿಲು ತೆಗೀತಾರೆ? ನಮ್ಮ ಚೆಕಿಂಗ್ ರೂಲ್ಸ್ ಪ್ರಕಾರ ಬೆಳಗ್ಗೆ ಏಳಕ್ಕಿಂತ ಮುಂಚೆ ಶುರುವಾದ ಫಾರ್ಮು, ಇಪ್ಪತ್ತೈದು ನಿಮಿಷಕ್ಕಿಂತ ಬೇಗ ಮುಗಿದ ಫಾರ್ಮು, ಒಂದೇ ಜಿಪಿಎಸ್ ಪಾಯಿಂಟಲ್ಲಿ ಕೂತು ಸಾಲಾಗಿ ತುಂಬಿದ ಫಾರ್ಮು ಎಲ್ಲಾ ಅನುಮಾನದ ಲಿಸ್ಟಿಗೆ ಹೋಗುತ್ತೆ. ಲಾಡ್ಜ್ ರೂಮಲ್ಲಿ ಕೂತು ತುಂಬಿದಾಳೆ ಅಂದ್ಕೊಂಡೆ. ಅವಳಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು, ಮಾಡ್ಲಿಲ್ಲ, ಇಪ್ಪತ್ತು ಜನ ಇರೋ ಟೀಮ್ ವಾಟ್ಸಾಪ್ ಗ್ರೂಪಲ್ಲೇ ಹಾಕಿಬಿಟ್ಟೆ, "ಈ ಆರು ಫಾರ್ಮ್ ರಿಜೆಕ್ಟ್ ಮಾಡ್ತಿದೀನಿ, ಕಾರಣ ತಿಳಿಸಿ" ಅಂತ.

ಇಡೀ ದಿನ ಉತ್ತರ ಬರ್ಲಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಅವಳು ರಾಯಚೂರು ಜಿಲ್ಲೆಯ ದೇವದುರ್ಗದಲ್ಲಿದ್ಲು, ನಾನು ಜಯನಗರದ ಮನೇಲಿ ಅಡುಗೆಮನೆ ಕ್ಲೀನ್ ಮಾಡ್ತಾ ಇದ್ದೆ.

"ಮೇಡಂರೀ, ಫಾರ್ಮ್ ಸುಳ್ಳಲ್ರೀ. ಈಗ ಹತ್ತಿ ಬಿಡಸೂ ಟೈಮ್ ಐತ್ರಿ. ಏಳಕ್ಕ ಟಂಟಂ ಬಂದು ಹೆಣ್ಮಕ್ಕಳನ್ನೆಲ್ಲ ತುಂಬ್ಕೊಂಡು ಹೊಲಕ್ಕ ಹೋಗ್ತೈತಿ, ತಿರುಗಿ ಬರೂದು ಕತ್ಲಾದ ಮ್ಯಾಲ. ನಾವು ಹತ್ತಕ್ಕ ಹೋದ್ರ ಮನ್ಯಾಗ ಮುದುಕ್ರು, ಸಣ್ಣ ಹುಡುಗ್ರು ಬಿಟ್ರ ಯಾರೂ ಇರಂಗಿಲ್ಲ. ಫಾರ್ಮಿನ್ಯಾಗ ಹೆಣ್ಮಕ್ಕಳನ್ನ ಕೇಳ್ಬೇಕು ಅಂತ ಐತಲ್ರೀ, ಅದಕ್ಕ ನಸುಕಿನ್ಯಾಗ ಹೋಗಾಕತ್ತೀನಿ. ಅವ್ರು ರೊಟ್ಟಿ ಬಡಿಕೋತ ಹೇಳ್ತಾರ, ನಾ ಒಲಿ ಮುಂದ ಕುಂತು ಬರ್ಕೋತೀನಿ."

ನನಗೆ ಮಾತೇ ಹೊರಡ್ಲಿಲ್ಲ. ಅವಳೇ ಮುಂದುವರಿಸಿದ್ಲು. "ಇನ್ನೊಂದು ಮಾತ್ರೀ ಮೇಡಂ. ನಸುಕಿನ್ಯಾಗ ಹೋದ್ರ ಯಾರ್ ಯಾರು ನೀರಿನ ಚರಿಗಿ ಹಿಡ್ಕೊಂಡು ಬಯಲಿಗೆ ಹೊಂಟಾರ ಅಂತ ಕಣ್ಣಿಗೇ ಕಾಣತೈತ್ರಿ. ಅದ ಮನಿಯವ್ರನ್ನ ಕುಂದ್ರಿಸಿ ಕೇಳಿದ್ರ, ಪಾಯಖಾನಿ ಬಳಸ್ತೀವ್ರಿ ಅಂತಾರ. ನಾ ಷರಾದಾಗ ಬರದೀನಲ್ರೀ, ನೋಡಿಲ್ಲೇನು?"

ನೋಡಿರ್ಲಿಲ್ಲ. ಷರಾ ಅಂದ್ರೆ ಇನ್ವೆಸ್ಟಿಗೇಟರ್ ತಾವು ಕಂಡಿದ್ದನ್ನ ತಮ್ಮ ಮಾತಲ್ಲಿ ಬರೆಯೋ ಜಾಗ, ಆ ಕಾಲಂ ಯಾರೂ ನೋಡಲ್ಲ. ಡೇಟಾ ಕ್ಲೀನ್ ಮಾಡುವಾಗ ಮೊದಲು ಕಿತ್ತು ಹಾಕೋದೇ ಅದನ್ನ, ಯಾಕಂದ್ರೆ ಅದರಲ್ಲಿ ಅಂಕಿ ಇರಲ್ಲ, ಕೋಡ್ ಇರಲ್ಲ, ಒಬ್ಬೊಬ್ಬರು ಒಂದೊಂದು ಥರ ಬರೆದಿರ್ತಾರೆ, ಕೆಲವರು ಕನ್ನಡದಲ್ಲಿ ಕೆಲವರು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಸಾಫ್ಟ್‌ವೇರ್‌ಗೆ ಅದು ಬೇಡ.

ಇದನ್ನ ಯಾಕೆ ಈಗ ಬರೀತಿದೀನಿ ಅಂದ್ರೆ, ನಮ್ಮಂಥ ಸಂಸ್ಥೆಗಳಲ್ಲಿ ಕೆಲ್ಸ ಮಾಡೋರ ಬಗ್ಗೆ, ಯಾರ ಹೆಸರು ಎಲ್ಲಿ ಬರುತ್ತೆ ಅನ್ನೋದರ ಬಗ್ಗೆ ನನಗೆ ಬಹಳ ದಿನದಿಂದ ಹೇಳ್ಬೇಕು ಅನ್ನಿಸ್ತಿದೆ. ಹೊರಗಿನವರಿಗೆ ಈ ಕೆಲಸ ಅಷ್ಟಾಗಿ ಗೊತ್ತಿರಲ್ಲ, ಮೊದಲು ಅದನ್ನ ಒಂಚೂರು ಹೇಳ್ತೀನಿ.

ಸರ್ಕಾರ ಒಂದು ಯೋಜನೆ ಮಾಡುತ್ತೆ, ಕೋಟಿಗಟ್ಟಲೆ ಖರ್ಚಾಗುತ್ತೆ. ಅದು ತಲುಪಬೇಕಾದೋರಿಗೆ ತಲುಪಿತಾ, ತಲುಪಿ ಏನಾದ್ರೂ ಬದಲಾಯ್ತಾ ಅಂತ ಹೊರಗಿನವರೊಬ್ಬರು ಹೋಗಿ ನೋಡಿ ಬರಬೇಕು, ಅದಕ್ಕೆ ಮೌಲ್ಯಮಾಪನ ಅಂತಾರೆ. ನಮ್ಮ ದೇಶದಲ್ಲಿ ಇದು ಹೊಸದಲ್ಲ, ಮೊದಲನೇ ಪಂಚವಾರ್ಷಿಕ ಯೋಜನೆ ಕಾಲದಲ್ಲೇ, 1952ರಲ್ಲಿ, ಯೋಜನಾ ಆಯೋಗದ ಕೆಳಗೆ ಇದಕ್ಕಂತಲೇ ಒಂದು ಸಂಸ್ಥೆ ಮಾಡಿದ್ರು, ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಹೇಗೆ ನಡೀತಿದೆ ಅಂತ ನೋಡೋಕೆ. ಈಗ ಆ ಕೆಲ್ಸ ನೀತಿ ಆಯೋಗದ ಕೆಳಗಿನ ಒಂದು ಕಚೇರಿಗೆ ಬಂದಿದೆ. ನಮ್ಮ ರಾಜ್ಯದಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಶುರುವಾಯ್ತು. ನಾಗರಭಾವಿಯಲ್ಲಿ ಐಸೆಕ್ ಅನ್ನೋ ಸಮಾಜ ವಿಜ್ಞಾನದ ಸಂಶೋಧನಾ ಸಂಸ್ಥೆ ಇದೆಯಲ್ಲ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ್ದು, ಅಂಥ ದೊಡ್ಡ ಸಂಸ್ಥೆಗಳೂ ಈ ಅಧ್ಯಯನ ಮಾಡ್ತವೆ. ಅದರ ಜೊತೆಗೆ ಜಯನಗರ, ಮಲ್ಲೇಶ್ವರ, ಬಸವನಗುಡಿ ಅಂತ ಹಳೇ ಮನೆಗಳ ಮೊದಲನೇ ಮಹಡೀಲಿ, ಕೆಳಗೆ ದಂತವೈದ್ಯರು ಮೇಲೆ ನಾವು ಅನ್ನೋ ಥರ, ಹತ್ತು ಹದಿನೈದು ಜನದ ಸಣ್ಣ ಸಂಸ್ಥೆಗಳೂ ಸುಮಾರಿವೆ. ನಮ್ಮದು ಅಂಥದ್ದು.

ಆಫೀಸಲ್ಲಿ ದಿನಾ ಕಾಣೋರು ಹತ್ತೇ ಜನ. ನಮ್ಮ ಡೈರೆಕ್ಟರ್ ಮೇಡಂ, ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ರಿಟೈರ್ ಆದೋರು, ಇವತ್ತಿಗೂ ಪ್ರತಿ ಪ್ರಶ್ನಾವಳಿಯನ್ನ ಪ್ರಿಂಟ್ ತೆಗೆಸಿ ಪೆನ್ಸಿಲಲ್ಲೇ ತಿದ್ದೋದು. ನನ್ನಂಥ ರಿಸರ್ಚ್ ಅಸೋಸಿಯೇಟ್ಸ್ ಮೂರು ಜನ. ಡೇಟಾ ಮ್ಯಾನೇಜರ್ ಒಬ್ಬ. ಅಕೌಂಟ್ಸ್ ನೋಡೋ ಅಕ್ಕ, ಇವರಿಲ್ಲದೆ ಸಂಸ್ಥೆ ಒಂದು ತಿಂಗಳೂ ನಡೆಯಲ್ಲ, ಯಾಕಂದ್ರೆ ಕಂತು ಕಂತಾಗಿ ದುಡ್ಡು ಬರೋದು, ಶುರುವಲ್ಲಿ ಕೊಡೋ ಇನ್ಸೆಪ್ಷನ್ ರಿಪೋರ್ಟಿಗೆ ಒಂದಿಷ್ಟು, ಡ್ರಾಫ್ಟಿಗೆ ಒಂದಿಷ್ಟು, ಕೊನೇ ಕಂತು ರಿಪೋರ್ಟ್ ಒಪ್ಪಿದ ಮೇಲೆ, ಅದು ಯಾವಾಗ ಅಂತ ಯಾರಿಗೂ ಗೊತ್ತಿರಲ್ಲ. ಆ ಮಧ್ಯದಲ್ಲಿ ಎಲ್ಲರ ಸಂಬಳ, ಗಾಡಿ ಬಾಡಿಗೆ, ಜಿಎಸ್‌ಟಿ ಎಲ್ಲಾ ಸರಿದೂಗಿಸೋದು ಅವರೇ. ಆಮೇಲೆ ಫೀಲ್ಡ್ ಮ್ಯಾನೇಜರ್ ಅಣ್ಣ, ವರ್ಷದಲ್ಲಿ ಅರ್ಧಕ್ಕರ್ಧ ದಿನ ಮೆಜೆಸ್ಟಿಕ್ಕಲ್ಲಿ ಇಲ್ಲಾ ಉದ್ಯಾನ್ ಎಕ್ಸ್‌ಪ್ರೆಸ್ಸಲ್ಲಿ ಇರ್ತಾರೆ.

ಇನ್ನು ಕನ್ಸಲ್ಟೆಂಟ್ಸ್. ಇವರು ಸಂಬಳದೋರಲ್ಲ, ದಿನದ ಲೆಕ್ಕ. ಒಂದು ಅಧ್ಯಯನಕ್ಕೆ ಇಷ್ಟು ದಿನ ಅಂತ ಮಾತಾಗಿರುತ್ತೆ, ಟಿಡಿಎಸ್ ಹತ್ತು ಪರ್ಸೆಂಟ್ ಹಿಡಿದು ಫೀಸ್ ಕೊಡ್ತೀವಿ. ಟೆಂಡರ್‌ಗೆ ಪ್ರಪೋಸಲ್ ಹಾಕುವಾಗ ಅವರ ಸಿವಿ ಇಲ್ದೇ ಆಗಲ್ಲ. ಟೆಕ್ನಿಕಲ್ ಮಾರ್ಕ್ಸ್ ಕೊಡೋದೇ ಅದಕ್ಕೆ, ಪಿಎಚ್‌ಡಿ ಇದೆಯಾ, ಎಷ್ಟು ವರ್ಷದ ಅನುಭವ, ಇಂಥದ್ದೇ ಅಧ್ಯಯನ ಹಿಂದೆ ಎಷ್ಟು ಮಾಡಿದಾರೆ. ವಿಷಯ ತಜ್ಞರು ಒಬ್ಬರು, ಸಂಖ್ಯಾಶಾಸ್ತ್ರಜ್ಞರು ಒಬ್ಬರು, ಸಮಾಜಶಾಸ್ತ್ರದವರು ಒಬ್ಬರು. ಕೆಲವರು ನಿಜವಾಗ್ಲೂ ಬಂದು ಕೂತು ಕೆಲಸ ಮಾಡ್ತಾರೆ, ಕೆಲವರದ್ದು ಸಹಿ ಮಾತ್ರ ಬರುತ್ತೆ, ಇದು ಈ ಫೀಲ್ಡಲ್ಲಿ ಇರೋರಿಗೆಲ್ಲ ಗೊತ್ತಿರೋ ವಿಷ್ಯ.

ಮತ್ತೆ ಆಫೀಸಲ್ಲಿ ಯಾವತ್ತೂ ಕಾಣದೇ ಇರೋ ಗುಂಪು ಒಂದಿದೆ, ಫೀಲ್ಡ್ ಇನ್ವೆಸ್ಟಿಗೇಟರ್ಸ್. ಇವರನ್ನ ಆಯಾ ಜಿಲ್ಲೇಲೇ ಹುಡುಕಿ ತಗೋತೀವಿ. ಬಿ.ಎ., ಬಿ.ಎಡ್., ಎಂ.ಎಸ್.ಡಬ್ಲ್ಯೂ. ಮುಗಿಸಿ ಕೆಲ್ಸಕ್ಕೆ ಕಾಯ್ತಿರೋ ಹುಡುಗ್ರು ಹುಡುಗೀರು, ಅತಿಥಿ ಶಿಕ್ಷಕರು, ಒಬ್ಬಿಬ್ಬರು ಆಶಾ ಕಾರ್ಯಕರ್ತೆಯರ ಮಕ್ಕಳು. ಮೂರು ದಿನ ಟ್ರೈನಿಂಗ್, ಒಂದು ದಿನ ಹಳ್ಳಿಗೆ ಹೋಗಿ ಪ್ರಾಕ್ಟೀಸ್, ಆಮೇಲೆ ದಿನಗೂಲಿ ಮೇಲೆ ಹದಿನೈದು ಇಪ್ಪತ್ತು ದಿನ ಕೆಲಸ, ದಿನಕ್ಕೆ ಇಷ್ಟು ಫಾರ್ಮ್ ಅಂತ ಟಾರ್ಗೆಟ್. ಕೆಲಸ ಮುಗೀತು ಅಂದ್ರೆ ಟ್ಯಾಬ್ ವಾಪಸ್ ಕೊಟ್ಟು ಮನೆಗೆ. ರಿಪೋರ್ಟ್ ಏನಾಯ್ತು ಅಂತ ಅವರಿಗೆ ಯಾರೂ ಹೇಳಲ್ಲ.

ಮನೆ ಬಾಗಿಲಲ್ಲಿ ಏನಾಗುತ್ತೆ ಅನ್ನೋದನ್ನೂ ಹೇಳ್ಬೇಕು. ಯಾವ ಸಮೀಕ್ಷೆಗೆ ಹೋದ್ರೂ ಜನ ಮೊದಲು ಕೇಳೋದು ನಮ್ಮ ರೇಷನ್ ಕಾರ್ಡ್ ತೆಗೀತೀರಾ ಅಂತ. ಈಗೀಗ ಗೃಹಲಕ್ಷ್ಮಿ ಎರಡು ಸಾವಿರ ಈ ತಿಂಗಳು ಬಂದಿಲ್ಲ, ನೀವು ಹಾಕಿಸ್ತೀರಾ ಅಂತಾನೂ ಕೇಳ್ತಾರೆ. ಇಲ್ಲಮ್ಮ ನಾವು ಸರ್ಕಾರದವರಲ್ಲ, ನೀವು ಉತ್ತರ ಕೊಡದೇ ಇದ್ರೂ ನಿಮ್ಮ ಯಾವ ಸೌಲಭ್ಯನೂ ನಿಲ್ಲಲ್ಲ, ಮಧ್ಯದಲ್ಲಿ ಯಾವಾಗ ಬೇಕಾದ್ರೂ ಸಾಕು ಅನ್ನಬಹುದು ಅಂತ ಒಪ್ಪಿಗೆ ಪತ್ರ ಓದಿ ಹೇಳಿ ಅವರಿಗೆ ನಂಬಿಕೆ ಬರೋ ಹಾಗೆ ಮಾಡೋದು ಎಷ್ಟು ಕಷ್ಟ ಅಂತ ಒಂದು ಮನೆ ಮಾಡಿದೋರಿಗೆ ಗೊತ್ತು. ಇಪ್ಪತ್ತೈದರ ಹುಡುಗಿ ಆ ನಂಬಿಕೆ ಗಳಿಸಿ, ಒಂದು ಗಂಟೆ ಕೂತು, ಅವರ ಶೌಚದ ಅಭ್ಯಾಸ, ಸಾಲ, ಮಗುವಿನ ತೂಕ, ಗಂಡ ಕುಡಿಯೋದು ಎಲ್ಲಾ ಕೇಳಿಸ್ಕೊಂಡು ಬರ್ತಾಳೆ. ಅದೆಲ್ಲಾ ನಮ್ಮ ಹತ್ರ ಬರೋಷ್ಟರಲ್ಲಿ 1, 2, 88, 99 ಅಂತ ಉತ್ತರದ ಕೋಡ್ ಆಗಿರುತ್ತೆ.

ಈಗ ಆ ಡಿಸೆಂಬರ್‌ಗೆ ವಾಪಸ್ ಬರ್ತೀನಿ.

ಅಧ್ಯಯನ ಇದ್ದಿದ್ದು ಸ್ವಚ್ಛ ಭಾರತ್ ಮಿಷನ್‌ನಲ್ಲಿ ಹಳ್ಳಿ ಮನೆಗಳಿಗೆ ಕಟ್ಟಿಸ್ಕೊಟ್ಟ ಶೌಚಾಲಯಗಳ ಬಗ್ಗೆ. ಮಿಷನ್ ಶುರುವಾಗಿದ್ದು 2014ರ ಅಕ್ಟೋಬರ್ 2, ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ, ಐದು ವರ್ಷ ಆದ್ಮೇಲೆ 2019ರ ಅಕ್ಟೋಬರ್ 2ಕ್ಕೆ ದೇಶದ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಅಂತ ಘೋಷಣೆ ಆಯ್ತು. ಆ ಕಟ್ಟಡಗಳು ಈಗ ಹೇಗಿವೆ, ಬಳಕೆ ಆಗ್ತಿದೆಯಾ ಅನ್ನೋದು ನಮ್ಮ ಪ್ರಶ್ನೆ. ಸ್ಯಾಂಪಲ್‌ಗೆ ತಾಲ್ಲೂಕು ಆರಿಸುವಾಗ ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ ಕೊಟ್ಟ ವರದಿ ಇಟ್ಕೊಂಡಿದ್ವಿ, 2002ರದ್ದು, ಅದರಲ್ಲಿ 114 ಹಿಂದುಳಿದ ತಾಲ್ಲೂಕು, ಅದರೊಳಗೆ 39 ಅತ್ಯಂತ ಹಿಂದುಳಿದವು ಅಂತ ವಿಂಗಡಣೆ ಇದೆ. ಇಷ್ಟು ವರ್ಷ ಆದ್ರೂ ನಮ್ಮಲ್ಲಿ ಎಲ್ಲರೂ ಅದನ್ನೇ ತೆಗೆದು ನೋಡೋದು. ದೇವದುರ್ಗ ಬಂದಿದ್ದು ಹಾಗೆ.

ಪ್ರಶ್ನಾವಳಿ ಬರೆದವಳು ನಾನೇ. "ನಿಮ್ಮ ಮನೆಯಲ್ಲಿ ಶೌಚಾಲಯ ಇದೆಯೇ?" ಹೌದು, ಇಲ್ಲ. "ಇದ್ದರೆ, ಬಳಸುತ್ತೀರಾ?" ಹೌದು, ಇಲ್ಲ. ಸಂಖ್ಯಾಶಾಸ್ತ್ರದ ಸರ್ ನೋಡಿ ಸರಿಯಿದೆ ಅಂದ್ರು, ಮೇಡಂ ಪೆನ್ಸಿಲಲ್ಲಿ ಕಾಗುಣಿತ ತಿದ್ದಿದ್ರು, ಇಲಾಖೆಯವರು ಒಪ್ಪಿದ್ರು. ಮೊದಲ ವಾರದ ಡೇಟಾದಲ್ಲಿ ಬಳಸುತ್ತೀರಾ ಅನ್ನೋದಕ್ಕೆ ಹೆಚ್ಚುಕಡಿಮೆ ಎಲ್ಲಾ ಮನೇಲೂ ಹೌದು. ನಮಗೆ ಖುಷಿನೇ ಆಗಿತ್ತು.

ಫೋನ್ ಬಂದ ರಾತ್ರಿ ನಿದ್ದೆ ಬರ್ಲಿಲ್ಲ. ಲ್ಯಾಪ್‌ಟಾಪ್ ತೆಗೆದು ಷರಾ ಕಾಲಂ ಒಂದನ್ನೇ ಬೇರೆ ಶೀಟಿಗೆ ಹಾಕ್ಕೊಂಡು ಓದೋಕೆ ಶುರು ಮಾಡಿದೆ. ಹೆಚ್ಚಿನವರು ಖಾಲಿ ಬಿಟ್ಟಿದ್ರು, ಕೆಲವರು "ಓಕೆ" ಅಂತ ಬರೆದಿದ್ರು. ಅವಳ ಫಾರ್ಮಲ್ಲಿ ಮಾತ್ರ ಒಂದೊಂದರಲ್ಲೂ ಎರಡು ಮೂರು ಸಾಲು. ನೆನಪಿರೋದು ಬರೀತೀನಿ. "ಬಳಸ್ತೀವಿ ಅಂದರು, ಒಳಗೆ ಕುಳ್ಳು ಕಟ್ಟಿಗೆ ತುಂಬಿದೆ, ಅದಕ್ಕೆ ಬಳಸುತ್ತಾರೆ." "ಜಳಕಕ್ಕೆ ಬಳಸುತ್ತಾರೆ, ಬೇಸಿನ್ ಮೇಲೆ ಕಲ್ಲು ಮುಚ್ಚಿದ್ದಾರೆ." "ಸೊಸೆ ಮಾತ್ರ ಹೋಗುತ್ತಾಳೆ, ಅತ್ತೆ ಮಾವ ಗಂಡ ಹೊರಗೆ." "ರಾತ್ರಿ ಮಾತ್ರ." "ಮಳೆಗಾಲದಲ್ಲಿ ಮಾತ್ರ." "ಗುಂಡಿ ತುಂಬುತ್ತದೆ ಅಂತ ಗಂಡಸರು ಹೋಗುವುದಿಲ್ಲ." "ನೀರು ಎರಡು ದಿನಕ್ಕೊಮ್ಮೆ, ಕೊಡದ ನೀರು ಹಾಕಲು ಮನಸ್ಸಿಲ್ಲ."

ಬಳಸೋದು ಅನ್ನೋ ಒಂದು ಪದ ಎಷ್ಟೆಲ್ಲಾ ಹೊಟ್ಟೆಗೆ ಹಾಕ್ಕೊಂಡಿದೆ ನೋಡಿ. ಕಟ್ಟಿಗೆ ಇಡೋದೂ ಬಳಸೋದೇ, ಸ್ನಾನ ಮಾಡೋದೂ ಬಳಸೋದೇ. ಆರು ಜನರ ಮನೇಲಿ ಒಬ್ಬಳು ಹೋದ್ರೂ ಆ ಮನೆ ಬಳಸುತ್ತೆ. ಅವರು ಸುಳ್ಳು ಹೇಳಿಲ್ಲ. ಪ್ರಶ್ನೆ ಕೇಳಿದ್ದು ನಾನು, ನಾನು ಬೆಂಗಳೂರಲ್ಲಿ ಕೂತು ಯೋಚನೆ ಮಾಡಿದ ಪದ ಅದು, ಅಲ್ಲಿಯವರು ಆಡೋ ಮಾತಲ್ಲ. ಅಲ್ಲಿಯವರು ಹೊರಗಡೆ ಹೋಗೋದಕ್ಕೆ "ಚರಿಗಿ ತಗೊಂಡು ಹೋಗೋದು" ಅಂತಾರೆ, ಹಾಗೆ ಕೇಳಿದ್ರೆ ನೇರ ಉತ್ತರ ಬರುತ್ತೆ.

ಮಾರನೇ ದಿನ ಬೆಳಗ್ಗೆ ಗ್ರೂಪಲ್ಲೇ ಅವಳ ಹತ್ರ ಕ್ಷಮೆ ಕೇಳಿದೆ, ಆರೂ ಫಾರ್ಮ್ ಅಪ್ರೂವ್ ಮಾಡ್ದೆ. ಆಮೇಲೆ ಮೇಡಂ ರೂಮಿಗೆ ಹೋಗಿ ಶೀಟ್ ತೋರಿಸ್ದೆ. ಮೇಡಂ ಪೂರ್ತಿ ಓದಿದ್ರು, ಕನ್ನಡಕ ತೆಗೆದಿಟ್ಟು, "ಫೀಲ್ಡ್ ನಿಲ್ಲಿಸಿ, ಪ್ರಶ್ನೆ ಬದಲಾಯಿಸಿ" ಅಂದ್ರು. ಹೇಳೋದು ಸುಲಭ, ದಿನಕ್ಕೆ ಇಷ್ಟು ಅಂತ ಗಾಡಿ ಬಾಡಿಗೆ ಓಡ್ತಾ ಇರುತ್ತೆ. ಅಕೌಂಟ್ಸ್ ಅಕ್ಕ ಏನೂ ಮಾತಾಡದೆ ಲೆಕ್ಕ ಹಾಕಿ ಮೂರು ದಿನ ತಡ್ಕೋಬಹುದು ಅಂದ್ರು. ಆ ಮೂರು ದಿನ ದೇವದುರ್ಗದ ಲಾಡ್ಜಿನ ಹಾಲ್‌ನಲ್ಲಿ ಇನ್ವೆಸ್ಟಿಗೇಟರ್ಸ್ ಎಲ್ಲಾ ಕೂತು, ನಾನೂ ರಾತ್ರಿ ಟ್ರೇನ್ ಹತ್ತಿ ಹೋಗಿ, ಪ್ರಶ್ನೆ ಮತ್ತೆ ಬರೆದ್ವಿ. ಮನೆಗೊಂದು ಪ್ರಶ್ನೆ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಮಾಡಿದ್ವಿ. ಅತ್ತೆ ನಿನ್ನೆ ಎಲ್ಲಿ ಹೋಗಿದ್ರು, ಮಾವ ಎಲ್ಲಿ, ಸೊಸೆ ಎಲ್ಲಿ, ಮಗು ಎಲ್ಲಿ. "ಕೆಲವರು ಮನೆಯದರಲ್ಲಿ ಹೋಗ್ತಾರೆ, ಕೆಲವರು ಚರಿಗಿ ತಗೊಂಡು ಹೋಗ್ತಾರೆ, ಅವರು ಹೇಗೆ?" ಅಂತ ಎರಡನ್ನೂ ಸಮ ಇಟ್ಟು ಕೇಳೋದು, ಹೊರಗೆ ಹೋಗೋದು ತಪ್ಪು ಅನ್ನೋ ಧ್ವನಿ ಬರಬಾರದು. ಈ ಮಾತನ್ನ ಸೂಚಿಸಿದ್ದು ಅವಳೇ. ಪ್ರಶ್ನೆ ಕೇಳೋ ಧಾಟಿಯಿಂದ ಉತ್ತರ ಬದಲಾಗುತ್ತೆ ಅಂತ ನಾವು ಎಂ.ಎ.ಯಲ್ಲಿ ಓದಿರ್ತೀವಿ, ಅವಳು ಅದನ್ನ ಒಲೆ ಮುಂದೆ ಕೂತು ಕಂಡುಕೊಂಡಿದ್ಲು.

ಉತ್ತರ ಬದಲಾಯ್ತು. ಹೌದು ಅಂದಿದ್ದ ಮನೆಗಳಲ್ಲೇ ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ.

ಇಲ್ಲಿ ನಮ್ಮ ಒಬ್ಬ ಕನ್ಸಲ್ಟೆಂಟ್ ಬಗ್ಗೆ ಹೇಳಲೇಬೇಕು, ಕನ್ಸಲ್ಟೆಂಟ್ ಅಂದ್ರೆ ಸಹಿ ಮಾತ್ರ ಅಂತ ಯಾರೂ ತಿಳ್ಕೋಬಾರದು. ಪಂಚಾಯತ್ ರಾಜ್ ಇಂಜಿನಿಯರಿಂಗಲ್ಲಿದ್ದು ರಿಟೈರ್ ಆದ ಸರ್ ಒಬ್ಬರು, ಎಪ್ಪತ್ತರ ಹತ್ತಿರ ವಯಸ್ಸು. ಐದು ದಿನಕ್ಕೆ ಒಪ್ಪಿಕೊಂಡಿದ್ದೋರು, ಒಂಬತ್ತು ದಿನ ಹಳ್ಳೀಲಿದ್ರು, ಹೆಚ್ಚಿನ ದಿನದ ಫೀಸ್ ಕೇಳಲಿಲ್ಲ. "ಗುಂಡಿ ತುಂಬುತ್ತೆ ಅಂತ ಹೋಗಲ್ಲ" ಅಂತ ಷರಾದಲ್ಲಿ ಇತ್ತಲ್ಲ, ಅದನ್ನ ಓದಿ ಅವರು ಅಂದಿದ್ದು, "ತುಂಬುತ್ತೆ ಅಂತ ಯಾಕೆ ಭಯ ಅಂತ ನೋಡೋಣ ನಡೀರಿ."

ಎರಡು ಗುಂಡಿಯ ಶೌಚಾಲಯ ಹೇಗೆ ಕೆಲಸ ಮಾಡುತ್ತೆ ಅಂತ ಅವತ್ತೇ ನನಗೆ ಸರಿಯಾಗಿ ಅರ್ಥ ಆಗಿದ್ದು. ಬೇಸಿನ್‌ನಿಂದ ಬರೋ ಪೈಪು ಒಂದು ಸಣ್ಣ ಚೇಂಬರ್‌ಗೆ ಬಂದು ಅಲ್ಲಿಂದ ಎರಡು ದಾರಿ ಆಗುತ್ತೆ, ಒಂದೊಂದು ದಾರಿ ಒಂದೊಂದು ಗುಂಡಿಗೆ. ಒಂದು ದಾರಿಯನ್ನ ಇಟ್ಟಿಗೆ ಚೂರೋ ಕಲ್ಲೋ ಇಟ್ಟು ಮುಚ್ಚಿರಬೇಕು. ಮೊದಲನೇ ಗುಂಡಿ ತುಂಬೋಕೆ ವರ್ಷಗಳೇ ಬೇಕು, ಗುಂಡಿಗೆ ತಳ ಹಾಕಿರಲ್ಲ, ಸುತ್ತ ರಿಂಗಲ್ಲಿ ತೂತು, ನೀರು ಮಣ್ಣಿಗೆ ಇಂಗಿ ಹೋಗುತ್ತೆ. ತುಂಬಿದಾಗ ದಾರಿ ತಿರುಗಿಸಿ ಎರಡನೇದಕ್ಕೆ ಬಿಡೋದು, ಮೊದಲನೇದನ್ನ ಒಂದೂವರೆ ಎರಡು ವರ್ಷ ಹಾಗೇ ಬಿಟ್ರೆ ಒಳಗಿರೋದು ಒಣಗಿ ವಾಸನೆ ಇಲ್ಲದ ಗೊಬ್ಬರ ಆಗುತ್ತೆ, ಹೊಲಕ್ಕೆ ಹಾಕಬಹುದು. ಯಾರೂ ಹಸಿ ಮಲ ಮುಟ್ಟಬೇಕಾಗಿಲ್ಲ, ಈ ವಿನ್ಯಾಸದ ಉದ್ದೇಶನೇ ಅದು. ಮಲ ಹೊರೋ ಕೆಲಸವನ್ನ ಕೆಲವು ಜಾತಿಯವರ ಮೇಲೆ ಹೇರಿದ ದೇಶದಲ್ಲಿ ಅದು ಎಷ್ಟು ದೊಡ್ಡ ಮಾತು ಅಂತ ಸರ್ ಅಲ್ಲೇ ನಿಂತು ಹೇಳಿದ್ರು.

ನಾವು ಹೋದ ಮೊದಲನೇ ಮನೇಲಿ ಅವರು ಪ್ಯಾಂಟ್ ಮಡಚಿ ಕೂತು, ಸಲಾಕೆಯಿಂದ ಚೇಂಬರ್ ಮುಚ್ಚಳ ಎತ್ತಿದ್ರು. ಎರಡೂ ದಾರಿ ತೆರೆದೇ ಇತ್ತು. ಇಟ್ಟಿಗೆ ಚೂರು ಇಲ್ಲ. ಮೇಸ್ತ್ರಿಗೆ ಯಾರೂ ಹೇಳಿಲ್ಲ, ಮನೆಯವರಿಗಂತೂ ಯಾರೂ ಹೇಳಿಲ್ಲ. ಹಾಗಾದ್ರೆ ಎರಡೂ ಗುಂಡಿ ಒಟ್ಟಿಗೇ ತುಂಬುತ್ತೆ, ತುಂಬಿದ ಮೇಲೆ ತಿರುಗಿಸೋಕೆ ಏನೂ ಉಳಿದಿರಲ್ಲ. ಮನೆ ಯಜಮಾನ ಅಲ್ಲೇ ನಿಂತಿದ್ದೋರು, ಎರಡು ಗುಂಡಿ ಯಾಕೆ ಅಂತ ಕೇಳಿದ್ರೆ, "ಒಂದು ಗಂಡಸರಿಗೆ, ಒಂದು ಹೆಂಗಸರಿಗೆ ಅಂದ್ಕೊಂಡಿದ್ವಿರೀ" ಅಂದ್ರು. ಸರ್ ಅವರ ಜೊತೆ ಅರ್ಧ ಗಂಟೆ ಕೂತು ವಿವರಿಸಿದ್ರು. ಅವರೇ ಹಿತ್ತಲಿಂದ ಅರ್ಧ ಇಟ್ಟಿಗೆ ತಂದು ಒಂದು ದಾರಿ ಮುಚ್ಚಿ ಮೇಲೆ ಮಣ್ಣು ಮೆತ್ತಿದ್ರು. ಮುಂದೆ ಆ ಊರಲ್ಲಿ ನೋಡಿದ ಮನೆಗಳಲ್ಲಿ ಒಂದೆರಡು ಬಿಟ್ರೆ ಎಲ್ಲಾ ಕಡೆ ಅದೇ ಕತೆ. ಜನರ ಮನಸ್ಥಿತಿ ಬದಲಾಗಬೇಕು, ಅರಿವು ಮೂಡಿಸಬೇಕು ಅಂತ ಎಲ್ಲಾ ರಿಪೋರ್ಟಲ್ಲೂ ಬರೀತೀವಿ. ಆ ಮನೆಯವರ ಭಯ ನೂರಕ್ಕೆ ನೂರು ಸರಿಯಾಗಿತ್ತು, ಅವರ ಗುಂಡಿ ತುಂಬಿದ್ರೆ ನಿಜವಾಗ್ಲೂ ಬೇರೆ ದಾರಿ ಇರ್ತಿರ್ಲಿಲ್ಲ. ಬೇಕಾಗಿದ್ದು ಒಂದು ಅರ್ಧ ಇಟ್ಟಿಗೆ ಮತ್ತೆ ಅರ್ಧ ಗಂಟೆ ಮಾತು.

ಈ ಅಧ್ಯಾಯ ನಮ್ಮ ರಿಪೋರ್ಟಿನ ಜೀವ ಆಯ್ತು. ಬೆಂಗಳೂರಲ್ಲಿ ಪ್ರೆಸೆಂಟೇಷನ್ ದಿನ ಮೇಡಂ ಸ್ಲೈಡ್ ತೋರಿಸಿದ್ರು, ಚೇಂಬರ್ ಫೋಟೋ ಬಂದಾಗ ಹಿರಿಯ ಅಧಿಕಾರಿಯೊಬ್ಬರು ನಿಲ್ಲಿಸಿ, "ಇದನ್ನ ಮೊದಲು ಗಮನಿಸಿದ್ದು ಯಾರು?" ಅಂತ ಕೇಳಿದ್ರು. ಇಂಜಿನಿಯರ್ ಸರ್ ಎದ್ದು ನಿಂತು, "ನಾನಲ್ಲ ಸರ್, ನಮ್ಮ ಇನ್ವೆಸ್ಟಿಗೇಟರ್ ಬರೆದಿಟ್ಟಿದ್ದ ಷರಾ ನೋಡಿ ನಾನು ಹೋಗಿದ್ದು" ಅಂದ್ರು. "ಅವರು ಬಂದಿದಾರಾ?" ಬಂದಿರ್ಲಿಲ್ಲ. ಬಜೆಟಲ್ಲಿ ಇನ್ವೆಸ್ಟಿಗೇಟರ್ಸ್‌ನ ಬೆಂಗಳೂರಿಗೆ ಕರೆಸೋದಕ್ಕೆ ದುಡ್ಡು ಇಟ್ಟಿರ್ಲಿಲ್ಲ, ಆ ಬಜೆಟ್ ಶೀಟ್ ಮಾಡಿದವಳೂ ನಾನೇ. ಅಷ್ಟೊತ್ತಿಗೆ ಅವಳು ಬೇರೆ ಏಜೆನ್ಸಿಯ ಬೇರೆ ಸರ್ವೆಯಲ್ಲಿ ಯಾದಗಿರಿ ಕಡೆ ಇದ್ಲು.

ರಿಪೋರ್ಟ್ ಪ್ರಿಂಟಾಗಿ ಬಂತು. ಎರಡನೇ ಪುಟದಲ್ಲಿ ಅಧ್ಯಯನ ತಂಡ ಅಂತ ಪಟ್ಟಿ, ಪ್ರಧಾನ ಸಂಶೋಧಕರು, ವಿಷಯ ತಜ್ಞರು, ಸಂಖ್ಯಾಶಾಸ್ತ್ರಜ್ಞರು, ರಿಸರ್ಚ್ ಅಸೋಸಿಯೇಟ್ ಅಂತ ನನ್ನ ಹೆಸರೂ ಇದೆ. ಕೆಳಗೆ ಕೃತಜ್ಞತೆಯಲ್ಲಿ "ಹಾಗೂ ಕ್ಷೇತ್ರ ಮಾಹಿತಿ ಸಂಗ್ರಹಕಾರರಿಗೆ". ಹೆಸರುಗಳನ್ನ ನಾನು ಅನುಬಂಧದಲ್ಲಿ ಸೇರಿಸಿದ್ದೆ, ಪುಟ ಕಡಿಮೆ ಮಾಡುವಾಗ ಆ ಅನುಬಂಧ ಹೋಯ್ತು. ನನ್ನ ಹೆಸರು ಇರೋ ಆ ಪುಟ ನೋಡಿದಾಗೆಲ್ಲ ಹೊಟ್ಟೇಲಿ ಏನೋ ಒಂಥರಾ ಆಗುತ್ತೆ, ಇವತ್ತಿಗೂ.

ಇದು ಬರೀ ಮರ್ಯಾದೆ ಪ್ರಶ್ನೆ ಅಂತ ನನಗೆ ಅನ್ಸಲ್ಲ. ಕೆಲಸದ ಗುಣಮಟ್ಟದ ಪ್ರಶ್ನೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರದ್ದು ಗೊತ್ತಲ್ಲ, ಮೈಸೂರು ಸೀಮೆಯ ಒಂದು ಹಳ್ಳೀಲಿ 1948ರಲ್ಲಿ ಇದ್ದು ಬರೆದ ಟಿಪ್ಪಣಿ ಎಲ್ಲಾ ಜೋಡಿಸಿ ಇಟ್ಟಿದ್ರು, 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯ್ತು, ಆಮೇಲೆ ಅವರು ಹೆಚ್ಚಾಗಿ ನೆನಪಿನಿಂದಲೇ ಆ ಊರಿನ ಬಗ್ಗೆ ಪುಸ್ತಕ ಬರೆದ್ರು. ಹಾಗೆ ಬರೆಯೋಕಾಗಿದ್ದು ಅವರೇ ಅಲ್ಲಿದ್ದು ಕಂಡಿದ್ದಕ್ಕೆ. ನಮ್ಮ ವ್ಯವಸ್ಥೆಯಲ್ಲಿ ಕಂಡೋರು ಒಬ್ಬರು, ಬರೆಯೋರು ಇನ್ನೊಬ್ಬರು. ಕಂಡೋರನ್ನ ಹದಿನೈದನೇ ದಿನಕ್ಕೆ ಟ್ಯಾಬ್ ತಗೊಂಡು ಮನೆಗೆ ಕಳಿಸ್ತೀವಿ, ಅವರ ನೆನಪೂ ಅವರ ಜೊತೆ ಹೋಗುತ್ತೆ, ನಮ್ಮ ಹತ್ರ ಉಳಿಯೋದು ಎಕ್ಸೆಲ್ ಶೀಟು. ನಾವು ಆಮೇಲೆ ಎಷ್ಟು ಒಳ್ಳೇ ಸಾಫ್ಟ್‌ವೇರ್ ಹಾಕಿ ಯಾವ ರಿಗ್ರೆಷನ್ ಲೆಕ್ಕ ಮಾಡಿದ್ರೂ, ಕೇಳಿದ ಪ್ರಶ್ನೆನೇ ತಪ್ಪಾಗಿದ್ರೆ ಅದನ್ನ ಯಾವ ಸಾಫ್ಟ್‌ವೇರೂ ಹೇಳಲ್ಲ.

ಅದಾದ ಮೇಲೆ ನಮ್ಮ ಆಫೀಸಲ್ಲಿ ಒಂದೆರಡು ಬದಲಾವಣೆ ಆಗಿದೆ. ಷರಾ ಕಾಲಂ ಈಗ ಕಿತ್ತು ಹಾಕಲ್ಲ, ದಿನಾ ಸಂಜೆ ಐದಕ್ಕೆ ನಾವು ಮೂರು ಜನ ಹಂಚ್ಕೊಂಡು ಓದ್ತೀವಿ, ಡೇಟಾ ಮ್ಯಾನೇಜರ್ ಟೈಪ್ ಮಾಡೋಕೆ ಕಷ್ಟ ಆಗೋರಿಗೆ ಅಂತ ಫಾರ್ಮಲ್ಲಿ ವಾಯ್ಸ್ ರೆಕಾರ್ಡಿಂಗ್ ಸೇರಿಸಿದಾನೆ, ಒಪ್ಪಿಗೆ ಕೊಟ್ಟ ಮನೆಗಳಲ್ಲಿ ಮಾತ್ರ. ಟೈಮ್ ನೋಡಿ ಕೆಂಪು ಬಂದ್ರೆ ಮೊದಲು ಫೋನ್, ಗ್ರೂಪಲ್ಲಿ ಯಾರ ಹೆಸರೂ ಹಾಕಲ್ಲ. ಫಾರ್ಮ್ ಟಾರ್ಗೆಟ್ ದಿನಕ್ಕೆ ಎರಡು ಕಮ್ಮಿ ಮಾಡಿಸಿದೀನಿ, ಅದಕ್ಕೆ ದಿನ ಜಾಸ್ತಿ ಆಗಿ ಖರ್ಚು ಏರುತ್ತೆ, ಟೆಂಡರಲ್ಲಿ ಕಡಿಮೆ ರೇಟ್ ಹಾಕಿದೋರ ಮುಂದೆ ನಾವು ಹಿಂದೆ ಬೀಳ್ತೀವಿ ಅನ್ನೋ ಚಿಂತೆ ಮೇಡಂಗೆ ಇದ್ದೇ ಇದೆ. ಎರಡು ಕೆಲಸ ಹಾಗೇ ಕೈತಪ್ಪಿತು ಅಂತ ಕಾಣುತ್ತೆ. ಆದ್ರೂ ಮೇಡಂ ಅದನ್ನ ಹಿಂದಕ್ಕೆ ತಗೊಳ್ಳಿ ಅಂದಿಲ್ಲ.

ಹೋದ ವಾರ ಹೊಸ ಪ್ರಪೋಸಲ್ ಮಾಡ್ತಾ ಕೂತಿದ್ವಿ, ಅಂಗನವಾಡಿ ಆಹಾರದ ಬಗ್ಗೆ. ಬಜೆಟ್ ಶೀಟಲ್ಲಿ ನಾನೊಂದು ಸಾಲು ಸೇರಿಸಿದೆ, ಇನ್ವೆಸ್ಟಿಗೇಟರ್ಸ್ ಎಲ್ಲರೂ ಬೆಂಗಳೂರಿಗೆ ಬಂದು ಎರಡು ದಿನ ನಮ್ಮ ಜೊತೆ ಕೂತು ಡೇಟಾ ನೋಡೋದು, ಹೋಗಿಬರೋ ಖರ್ಚು, ಊಟ, ಉಳಿಯೋಕೆ ರೂಮು, ಆ ಎರಡು ದಿನದ ಕೂಲಿ. ಮೇಡಂ ಪೆನ್ಸಿಲ್ ಹಿಡಿದು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತ್ರು, ಆಮೇಲೆ ಪಕ್ಕದಲ್ಲಿ ಸಣ್ಣದಾಗಿ ಟಿಕ್ ಹಾಕಿದ್ರು. ಸಿವಿ ಹಾಕೋ ಕಡೆ ಫೀಲ್ಡ್ ಸೂಪರ್‌ವೈಸರ್ ಅಂತ ಒಂದು ಜಾಗ ಇದೆ, ಸಾಮಾನ್ಯವಾಗಿ ನಮ್ಮ ಆಫೀಸಿನವರ ಸಿವಿನೇ ಹಾಕೋದು. ನಾನು ದೇವದುರ್ಗದ ಆ ಹುಡುಗಿಗೆ ಫೋನ್ ಮಾಡಿ, ನಿನ್ನ ಸಿವಿ ಕಳಿಸ್ತೀಯಾ ಅಂತ ಕೇಳಿದೆ. ಇಲ್ಲಿ ಅವಳ ಹೆಸರು ಬರೆದಿಲ್ಲ, ಬೇರೆ ಏಜೆನ್ಸಿಯಲ್ಲೂ ಕೆಲಸ ಮಾಡ್ತಿದಾಳೆ, ಅವಳಿಗೆ ತೊಂದರೆ ಆಗಬಾರದು. ಪ್ರಪೋಸಲಲ್ಲಿ ಪೂರ್ತಿ ಹೆಸರು ಇರುತ್ತೆ. ಅಡ್ಡಹೆಸರು ಮೊದಲು ಬರುತ್ತಾ ಕೊನೆಗಾ, ತಂದೆ ಹೆಸರು ಬಿಡಿಸಿ ಬರೀಬೇಕಾ ಇನಿಷಿಯಲ್ ಸಾಕಾ ಅಂತ ಕೇಳ್ಕೊಂಡಿದೀನಿ.

ಮೊನ್ನೆ ರಾತ್ರಿ ವಾಟ್ಸಾಪಲ್ಲಿ ಬಂತು, ಒಂದು ಪುಟ, ಫೋನಲ್ಲೇ ಟೈಪ್ ಮಾಡಿದ್ದು. ಅನುಭವ ಅನ್ನೋ ಕಡೆ ಎಷ್ಟು ವರ್ಷ ಅಂತ ಬರೆದಿಲ್ಲ, ಇಲ್ಲಿಯವರೆಗೆ ಸರ್ವೆ ಮಾಡಿದ ಊರುಗಳ ಹೆಸರು ಸಾಲಾಗಿ ಬರೆದಿದಾಳೆ, ತಾಲ್ಲೂಕು ಸಮೇತ. ಫಾರ್ಮ್ಯಾಟಲ್ಲಿ ವರ್ಷನೂ ಬೇಕು, ಅದೊಂದು ಸೇರಿಸಿ ಕಳಿಸು, ಊರುಗಳು ಹಾಗೇ ಇರಲಿ ಅಂತ ಹೇಳಿದೀನಿ. ಅಪ್‌ಲೋಡ್ ಮಾಡೋಕೆ ಕೊನೇ ದಿನ ಗುರುವಾರ.